ಬೀಡಿ ಬಿಟ್ಟ ಮೇಲೆ ಬರುವ ಕೆಮ್ಮು



ಬೀಡಿ ಬಿಡಿ ಎಂದು ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಡಾಕ್ಟರರು ಹೇಳುತ್ತಾರೆ, ನಾವು ಹೇಳುತ್ತೇವೆ, ಮನೆಯಲ್ಲಿ ಹೆಂಡತಿ ಮಕ್ಕಳು ದಿನಾ ಹೇಳುತ್ತಾರೆ. ಆದರೆ ಬಿಟ್ಟ ಮೇಲೆ ಮೈಯೊಳಗೆ ಏನೇನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಅದು ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಮಂದಿ ಒಂದು ವಾರ, ಎರಡು ವಾರ ಕಷ್ಟಪಟ್ಟು ತಡೆದುಕೊಂಡು ಮತ್ತೆ ಅಂಗಡಿಗೆ ಹೋಗಿ ಒಂದು ಕಟ್ಟು ತರುತ್ತಾರೆ. “ಫಾದರ್, ಸೇದುವಾಗ ನನಗೆ ಇಷ್ಟು ಕೆಮ್ಮು ಇರಲಿಲ್ಲ. ಬಿಟ್ಟ ಮೇಲೆಯೇ ಕಫ ಕಿತ್ತುಕೊಂಡು ಬರುತ್ತಿದೆ. ನನ್ನ ಮೈಗೆ ಬೀಡಿ ಒಗ್ಗಿಹೋಗಿದೆ, ಬಿಟ್ಟರೆ ರೋಗ ಬರುತ್ತದೆ” ಎಂಬ ಮಾತನ್ನು ನಾವು ತೋಲ್ಪೆಟ್ಟಿಯಲ್ಲೂ ಕೇಳಿದ್ದೇವೆ, ಗಡಿ ದಾಟಿದರೆ ಸಿಗುವ ಕುಟ್ಟದಲ್ಲೂ ಕೇಳಿದ್ದೇವೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಕೆಮ್ಮು ನಿಜವಾಗಿಯೂ ಬರುತ್ತದೆ. ಅದು ಯಾಕೆ ಬರುತ್ತದೆ ಎಂಬುದನ್ನು ಈ ಸಲ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ನಮ್ಮ ಶ್ವಾಸನಾಳಗಳ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವುಗಳ ಮೇಲೆ ತೆಳ್ಳಗೆ ಒಂದು ಲೋಳೆಯ ಪದರ. ನಾವು ಉಸಿರಾಡುವ ಗಾಳಿಯೊಂದಿಗೆ ಒಳಗೆ ಹೋದ ಧೂಳು, ಕಾಫಿ ಒಕ್ಕುವ ಮಿಲ್ಲಿನ ಹುಡಿ, ರೋಗಾಣುಗಳು ಎಲ್ಲವೂ ಆ ಲೋಳೆಗೆ ಅಂಟಿಕೊಳ್ಳುತ್ತವೆ. ರೋಮಗಳು ಗಾಳಿಗೆ ಬಾಗುವ ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ, ಸೆಕೆಂಡಿಗೆ ಹತ್ತರಷ್ಟು ಸಲ ಬಡಿಯುತ್ತಾ ಆ ಕಸವನ್ನು ಮೇಲಕ್ಕೆ, ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಹಗಲೂ ರಾತ್ರಿ ಈ ಕೆಲಸ ನಡೆಯುತ್ತದೆ. ಗಂಟಲಿಗೆ ಬಂದದ್ದನ್ನು ನಾವು ತಿಳಿಯದೆಯೇ ನುಂಗಿಬಿಡುತ್ತೇವೆ.

ಬೀಡಿಯ ಹೊಗೆ ಈ ರೋಮಗಳನ್ನು ಮರಗಟ್ಟಿಸುತ್ತದೆ. ವರ್ಷಗಟ್ಟಲೆ ಸೇದಿದವರಲ್ಲಿ ಎಷ್ಟೋ ಕಡೆ ರೋಮಗಳೇ ಉದುರಿ ಹೋಗಿ ಗೋಡೆ ಬೋಳಾಗಿರುತ್ತದೆ. ಅದೇ ಹೊತ್ತಿಗೆ ಹೊಗೆಯ ಕಿರಿಕಿರಿಗೆ ಲೋಳೆ ಸುರಿಸುವ ಗ್ರಂಥಿಗಳು ದಪ್ಪವಾಗುತ್ತವೆ. ಕಸ ಹೆಚ್ಚು, ಗುಡಿಸುವವರು ಕಡಿಮೆ. ಹೀಗೆ ಕಟ್ಟಿಕೊಂಡ ಕಫವನ್ನು ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ತೆಗೆಯಬೇಕಾಗುತ್ತದೆ. ಆಮೇಲೆ ಒಂದು ಬೀಡಿ ಹಚ್ಚಿದರೆ ರೋಮಗಳು ಮತ್ತೆ ಸುಮ್ಮನಾಗಿ ಕೆಮ್ಮು ನಿಂತಂತಾಗುತ್ತದೆ. ‘ಬೀಡಿ ಸೇದಿದರೆ ಎದೆ ಹಗುರ’ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು.

ಬಿಟ್ಟ ಕೆಲವು ದಿನಗಳಲ್ಲಿ ರೋಮಗಳಿಗೆ ಚಲನೆ ಬರಲು ಶುರುವಾಗುತ್ತದೆ. ಉದುರಿದ ಕಡೆ ಹೊಸತು ಹುಟ್ಟಲು ವಾರಗಳು, ತಿಂಗಳುಗಳು ಬೇಕು. ಮಳೆಗಾಲಕ್ಕೆ ಮುಂಚೆ ತೋಟದ ಚರಂಡಿ ಬಿಡಿಸಿದವರಿಗೆ ಇದು ಗೊತ್ತಿರುವ ಸಂಗತಿ: ವರ್ಷದಿಂದ ಕಟ್ಟಿಕೊಂಡಿದ್ದ ಚರಂಡಿಯಲ್ಲಿ ಮೊದಲು ಹರಿಯುವ ನೀರು ಕೆಸರೇ. ವರ್ಷಗಳಿಂದ ಒಳಗೆ ಕೂತ ಕಪ್ಪು ಕಫ ಹೊರಗೆ ಬರುವಾಗ ಕೆಮ್ಮು ಹೆಚ್ಚಾಗುವುದು ಸಹಜ. ಕೆಲವರಿಗೆ ಒಂದೆರಡು ವಾರ, ಕೆಲವರಿಗೆ ಇನ್ನೂ ಹೆಚ್ಚು. ಬಿಸಿನೀರು ಕುಡಿಯಿರಿ, ಬೇಕಾದರೆ ಹಬೆ ತೆಗೆದುಕೊಳ್ಳಿ, ಕಫ ಬಂದರೆ ನುಂಗದೆ ಉಗುಳಿ. ಒಂದರಿಂದ ಒಂಬತ್ತು ತಿಂಗಳ ಒಳಗೆ ಕೆಮ್ಮೂ ಏದುಸಿರೂ ಇಳಿಯುತ್ತಾ ಬರುತ್ತವೆ.

ಆದರೆ ಒಂದು ಎಚ್ಚರಿಕೆ. ಎಲ್ಲ ಕೆಮ್ಮನ್ನೂ ‘ಬೀಡಿ ಬಿಟ್ಟದ್ದರಿಂದ’ ಎಂದು ಬಿಟ್ಟುಬಿಡಬಾರದು. ಬೀಡಿ ಸೇದಿದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಎರಡು ವಾರ ದಾಟಿದ ಕೆಮ್ಮು ಯಾರದ್ದೇ ಆದರೂ ಕಫ ಪರೀಕ್ಷೆ ಆಗಬೇಕು, ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಸಂಜೆ ಹೊತ್ತು ಜ್ವರ ಬರುತ್ತಿದ್ದರೆ, ಸ್ವರ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಒಂದು ದಿನವೂ ತಡಮಾಡದೆ ಡಾಕ್ಟರರನ್ನು ಕಾಣಬೇಕು.

ಇನ್ನು ರಕ್ತದ ವಿಷಯ. ಬೀಡಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಚಳಿಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೇ ಇರುವುದು ಇದೇ ಅನಿಲದಿಂದ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೊರಬೇಕಾದ ಚೀಲದ ಜಾಗವನ್ನು ಹೊಟ್ಟು ತುಂಬಿಕೊಂಡಂತೆ. ಕೊನೆಯ ಬೀಡಿ ಆರಿಸಿದ ಮೇಲೆ ನಾಲ್ಕೈದು ಗಂಟೆಗೆ ಇದರ ಅರ್ಧ ಇಳಿಯುತ್ತದೆ, ಒಂದು ದಿನದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊರಟುಹೋಗುತ್ತದೆ. ಹೃದಯದ ಬಡಿತವಂತೂ ಮೊದಲ ಅರ್ಧ ಗಂಟೆಯಲ್ಲೇ ಇಳಿಯತೊಡಗುತ್ತದೆ. ಎರಡು ವಾರದಿಂದ ಮೂರು ತಿಂಗಳೊಳಗೆ ರಕ್ತಸಂಚಾರ ಉತ್ತಮಗೊಳ್ಳುತ್ತದೆ. ಮೆಣಸು ಕೊಯ್ಯಲು ಏಣಿ ಹತ್ತುವವರಿಗೆ ಇದರ ವ್ಯತ್ಯಾಸ ಮೊದಲು ಕಾಲಿನಲ್ಲಿ ಗೊತ್ತಾಗುತ್ತದೆ.

ನಾಲಿಗೆ, ಮೂಗು ಸಹ ಚುರುಕಾಗುತ್ತವೆ. ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಯ ಪರಿಮಳ ವರ್ಷಗಳ ನಂತರ ಸಿಕ್ಕಿತೆಂದು ಸಂತೋಷಪಡುವವರಿದ್ದಾರೆ. ಕಾಫಿಯ ಮಾತು ಬಂದದ್ದರಿಂದ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ. ಬೀಡಿಯ ಹೊಗೆ ಯಕೃತ್ತನ್ನು ಕೆಣಕಿ, ಕಾಫಿಯಲ್ಲಿರುವ ಕೆಫೀನ್ ಬೇಗ ಕರಗಿಹೋಗುವಂತೆ ಮಾಡುತ್ತದೆ. ಬೀಡಿ ಬಿಟ್ಟ ಕೆಲವು ದಿನಗಳಲ್ಲಿ ಯಕೃತ್ತು ತನ್ನ ಹಳೆಯ ವೇಗಕ್ಕೆ ಬರುತ್ತದೆ. ಆಗ ಅದೇ ನಾಲ್ಕು ಲೋಟ ಕಾಫಿ ಕುಡಿದವನ ರಕ್ತದಲ್ಲಿ ಕೆಫೀನ್ ಎರಡು ಪಟ್ಟಿನವರೆಗೂ ಏರಬಹುದು. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಸಿಡುಕು. ಇದೆಲ್ಲವನ್ನೂ ಬೀಡಿ ಬಿಟ್ಟದ್ದರ ತಲೆಗೆ ಕಟ್ಟುತ್ತಾರೆ. ಅರ್ಧ ತಪ್ಪು ಕಾಫಿಯದು. ಬೀಡಿ ಬಿಡುವ ವಾರದಿಂದಲೇ ಕಾಫಿ, ಚಹಾವನ್ನು ಅರ್ಧಕ್ಕೆ ಇಳಿಸಿ ನೋಡಿ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುವವರೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಬೀಡಿ ಬಿಟ್ಟ ಸಂಗತಿಯನ್ನು ತಮ್ಮ ಡಾಕ್ಟರರಿಗೆ ತಪ್ಪದೆ ತಿಳಿಸಬೇಕು. ಔಷಧದ ಪ್ರಮಾಣ ಬದಲಿಸಬೇಕಾಗಬಹುದು.

ಉಳಿದ ಅರ್ಧ ನಿಕೋಟಿನ್‌ನದು. ಇದು ಹೊಗೆಯೊಂದಿಗೆ ಹತ್ತು ಸೆಕೆಂಡಿನಷ್ಟರಲ್ಲಿ ಮೆದುಳಿಗೆ ತಲುಪುತ್ತದೆ. ದಿನಾ ಸೇದುವವನ ಮೆದುಳಿನಲ್ಲಿ ಅದಕ್ಕಾಗಿ ಕಾದು ಕೂರುವ ಗ್ರಾಹಕಗಳ ಸಂಖ್ಯೆ ಹೆಚ್ಚುತ್ತದೆ. ಬಿಟ್ಟಾಗ ಅವೆಲ್ಲ ಒಟ್ಟಿಗೆ ಕೇಳತೊಡಗುತ್ತವೆ. ಮೊದಲ ಮೂರು ದಿನ ತಳಮಳ ಅತಿ ಹೆಚ್ಚು. ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ತಣಿಯುತ್ತದೆ. ಮಧ್ಯೆ ಮಧ್ಯೆ ಆಸೆ ಏಳುವುದುಂಟು. ಪ್ರತಿ ಸಲ ಅದು ಕೆಲವೇ ನಿಮಿಷಗಳ ಮಾತು. ಬಾಯಲ್ಲಿ ಹುಣ್ಣು, ಮಲಬದ್ಧತೆ, ಹಸಿವು ಹೆಚ್ಚಾಗುವುದು ಇವು ಸಹ ಬರುತ್ತವೆ, ಹೋಗುತ್ತವೆ. ಮೈ ತೂಕ ಮಾತ್ರ ಒಂದು ವರ್ಷದಲ್ಲಿ ನಾಲ್ಕೈದು ಕಿಲೋ ಏರಬಹುದು. ಗುದ್ದಲಿ ಹಿಡಿಯುವ ಮೈಗೆ ಅದೊಂದು ದೊಡ್ಡ ಭಾರವೆಂದು ನಮಗೆ ಅನ್ನಿಸುವುದಿಲ್ಲ.

ಪ್ರತಿ ವರ್ಷ ಬೂದಿ ಬುಧವಾರ ಬೀಡಿ ಬಿಟ್ಟು, ಪಾಸ್ಖ ಹಬ್ಬದವರೆಗೆ ಹಿಡಿದ ಹಟ ಬಿಡದೆ ಇರುವವರು ನಮ್ಮ ಜನರಲ್ಲಿದ್ದಾರೆ. ಹಬ್ಬದ ಊಟ ಮುಗಿದೊಡನೆ ಹಿತ್ತಿಲಿಗೆ ಹೋಗಿ ಒಂದನ್ನು ಹಚ್ಚುತ್ತಾರೆ. ಅವರಿಗೆ ನಾವು ಹೇಳಲಿಚ್ಛಿಸುವುದು ಇಷ್ಟೆ: ಆ ನಲವತ್ತಕ್ಕೂ ಹೆಚ್ಚು ದಿನಗಳಲ್ಲಿ ಕಷ್ಟದ ಭಾಗ ಬಹುಪಾಲು ಮುಗಿದಿರುತ್ತದೆ. ರಕ್ತ ಶುದ್ಧವಾಗಿದೆ, ಕಫ ಇಳಿಯತೊಡಗಿದೆ, ಮೆದುಳಿನ ಗ್ರಾಹಕಗಳು ಕಡಿಮೆಯಾಗುತ್ತಾ ಇನ್ನು ಕೆಲವು ವಾರಗಳಲ್ಲಿ ಸೇದದವರ ಮಟ್ಟಕ್ಕೆ ಬರಲಿವೆ. ಮುಂದಿನ ಬೂದಿ ಬುಧವಾರ ಆ ಮೊದಲ ಮೂರು ದಿನಗಳನ್ನು ಮತ್ತೆ ಮೊದಲಿನಿಂದ ಅನುಭವಿಸುವುದು ಯಾಕೆ?

ಬೀಡಿಯ ಬಗ್ಗೆ ಇನ್ನೊಂದು ತಪ್ಪು ತಿಳುವಳಿಕೆ ಇದೆ. ಅದರಲ್ಲಿ ಹೊಗೆಸೊಪ್ಪು ಸಿಗರೇಟಿಗಿಂತ ಕಡಿಮೆ, ಸುತ್ತಿರುವುದು ಕಾಗದದ ಬದಲು ಎಲೆ, ಹಾಗಾಗಿ ಕೆಡುಕೂ ಕಡಿಮೆ ಎನ್ನುತ್ತಾರೆ. ಆದರೆ ಎಲೆ ಸರಿಯಾಗಿ ಉರಿಯದೆ ಬೀಡಿ ಆರಿಹೋಗುತ್ತದೆ. ಆರದಂತೆ ನೋಡಿಕೊಳ್ಳಲು ಹೆಚ್ಚು ಸಲ, ಹೆಚ್ಚು ಜೋರಾಗಿ ಎಳೆಯಬೇಕು. ಅದರಿಂದ ಟಾರು, ಕಾರ್ಬನ್ ಮೊನಾಕ್ಸೈಡ್ ಎರಡೂ ಹೆಚ್ಚೇ ಒಳಗೆ ಹೋಗುತ್ತವೆ. ನಮ್ಮ ದೇಶದ 11 ಲಕ್ಷ ಮನೆಗಳನ್ನು ಒಳಗೊಂಡ, 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ, ಬೀಡಿ ಸೇದುವ ಹೆಂಗಸರು 8 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ.

ಕಾಲಿನ ಬಗ್ಗೆಯೂ ಹೇಳಬೇಕು. ಗದ್ದೆ ತೋಟದಲ್ಲಿ ದುಡಿಯುವ ನಮಗೆ ಕಾಲೇ ಆಸ್ತಿ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯರು ವಿವರಿಸಿದ, ಅವರದೇ ಹೆಸರಿನಿಂದ ಕರೆಯುವ ಒಂದು ರೋಗವಿದೆ. ಹೊಗೆಸೊಪ್ಪು ಬಳಸುವವರಿಗೇ, ಅದರಲ್ಲೂ 45ರ ಒಳಗಿನ ಗಂಡಸರಿಗೆ ಹೆಚ್ಚಾಗಿ ಬರುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವ ಬಡವರಲ್ಲೇ ಇದು ಹೆಚ್ಚು. ಕೈಕಾಲಿನ ಸಣ್ಣ ರಕ್ತನಾಳಗಳು ಉರಿಗೊಂಡು ಮುಚ್ಚಿಕೊಳ್ಳುತ್ತವೆ. ಮೊದಲು ನಡೆಯುವಾಗ ಪಾದ, ಮೀನಖಂಡ ನೋಯುತ್ತದೆ, ನಿಂತರೆ ನೋವು ಹೋಗುತ್ತದೆ. ಆಮೇಲೆ ರಾತ್ರಿ ಮಲಗಿದಾಗಲೂ ನೋವು. ಬೆರಳು ತಣ್ಣಗಾಗಿ, ಬಣ್ಣಗೆಟ್ಟು, ಮಾಯದ ಹುಣ್ಣಾಗಿ, ಕೊನೆಗೆ ಕೊಳೆತು ಕತ್ತರಿಸಬೇಕಾಗುತ್ತದೆ. ಈ ರೋಗವನ್ನು ತಡೆದು ನಿಲ್ಲಿಸುವ ಖಚಿತವಾದ ಚಿಕಿತ್ಸೆ ಒಂದೇ, ಹೊಗೆಸೊಪ್ಪನ್ನು ಪೂರ್ತಿ ಬಿಡುವುದು. ಕೊಳೆಯುವ ಮುನ್ನ ಬಿಟ್ಟವರ ಕಾಲು ಹೆಚ್ಚಾಗಿ ಉಳಿಯುತ್ತದೆ. ದಿನಕ್ಕೆ ಒಂದೆರಡು ಎಂದು ಮುಂದುವರಿಸಿದರೂ ರೋಗ ಜೀವಂತವಾಗಿರುತ್ತದೆ.

‘ಕಡಿಮೆ ಮಾಡಿದ್ದೇನೆ’ ಎನ್ನುವವರಿಗೂ ಇದೇ ಉತ್ತರ. ದಿನಕ್ಕೆ 20 ಸಿಗರೇಟು ಸೇದುವವನಿಗೆ ಹೃದಯಾಘಾತದ ಅಪಾಯ ಎಷ್ಟು ಹೆಚ್ಚುತ್ತದೆಯೋ, ದಿನಕ್ಕೆ ಒಂದೇ ಸೇದುವವನಿಗೂ ಅದರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪು. ಪೂರ್ತಿ ಬಿಟ್ಟವನಿಗೆ ಒಂದು ವರ್ಷದ ಹೊತ್ತಿಗೆ ಹೃದಯದ ಅಪಾಯ ಸೇದುವವನ ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಅರ್ಧವಾಗುತ್ತದೆ. ಹದಿನೈದು ವರ್ಷ ಕಳೆದರೆ ಹೃದಯದ ಮಟ್ಟಿಗೆ ಆತ ಸೇದದವನ ಹತ್ತಿರಕ್ಕೆ ಬಂದಿರುತ್ತಾನೆ. ಬೀಡಿಯ ಬದಲು ಹೊಗೆಸೊಪ್ಪು ಜಗಿಯುವುದನ್ನು ಹಿಡಿದವರಿಗೆ ಈ ಲೆಕ್ಕವನ್ನು ಹಾಗೇ ಅನ್ವಯಿಸಲಾಗದು. ಅವರು ಎದೆಯಿಂದ ತೆಗೆದ ಅಪಾಯವನ್ನು ಬಾಯಿಯಲ್ಲಿ ಇಟ್ಟುಕೊಂಡಿದ್ದಾರೆ.

ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಾವು ಹೇಳುವುದಿಲ್ಲ. ಶ್ವಾಸಕೋಶದ ತುದಿಯಲ್ಲಿರುವ ಗಾಳಿಚೀಲಗಳು ಒಮ್ಮೆ ಒಡೆದು ಹೋದರೆ ತಿರುಗಿ ಕಟ್ಟಿಕೊಳ್ಳುವುದಿಲ್ಲ. ಸೊರಗು ರೋಗಕ್ಕೆ ಬುಡ ಕೊಳೆತ ಮೆಣಸಿನ ಬಳ್ಳಿಗೆ ಎಷ್ಟು ಬೋರ್ಡೋ ದ್ರಾವಣ ಹೊಯ್ದರೂ ಅದು ಚಿಗುರುವುದಿಲ್ಲ. ಆದರೂ ನಾವು ದ್ರಾವಣ ಹೊಯ್ಯುವುದನ್ನು ಬಿಡುತ್ತೇವೆಯೇ? ಪಕ್ಕದ ಬಳ್ಳಿಗಳಿಗಾಗಿ ಹೊಯ್ಯುತ್ತೇವೆ. ಎದೆಯ ಸ್ಥಿತಿಯೂ ಹಾಗೆಯೇ. ವಯಸ್ಸಾಗುತ್ತಾ ಎಲ್ಲರ ಉಸಿರಿನ ಶಕ್ತಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಮೆರಿಕದಲ್ಲಿ ಉಸಿರಿನ ತೊಂದರೆ ಆಗಲೇ ಶುರುವಾಗಿದ್ದ ಸಾವಿರಾರು ಮಂದಿ ಸೇದುವವರನ್ನು 11 ವರ್ಷಗಳ ಕಾಲ ಪರೀಕ್ಷಿಸಿದರು. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರಿನಂತೆ ಕಡಿಮೆಯಾಯಿತು. ಬಿಟ್ಟವರಲ್ಲಿ 30 ಮಿಲಿಲೀಟರು ಮಾತ್ರ. ಅರವತ್ತರಲ್ಲಿ ಅಂಗಳ ದಾಟಲು ಏದುಸಿರು ಬಿಡುವವನಿಗೂ ಎಪ್ಪತ್ತೈದರಲ್ಲಿ ತೋಟಕ್ಕೆ ಒಂದು ಸುತ್ತು ಹಾಕುವವನಿಗೂ ನಡುವಿನ ಅಂತರ ಈ 36 ಮಿಲಿಲೀಟರಿನಲ್ಲಿದೆ.

ಇನ್ನೊಂದು ಒಳ್ಳೆಯ ಸುದ್ದಿ 2020ರಲ್ಲಿ ಇಂಗ್ಲೆಂಡಿನಿಂದ ಬಂತು. ಅಲ್ಲಿನ ಸ್ಯಾಂಗರ್ ಸಂಸ್ಥೆಯವರು ಮತ್ತು ಲಂಡನ್ ವೈದ್ಯರು ಹದಿನಾರು ಜನರ ಶ್ವಾಸನಾಳದ ಜೀವಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸೇದುವವರ ಕೋಶಗಳಲ್ಲಿ ಹೊಗೆಯಿಂದಾದ ಸಾವಿರಾರು ಹಾನಿಯ ಗುರುತುಗಳಿದ್ದವು. ಆದರೆ ಬಿಟ್ಟವರಲ್ಲಿ ಹೆಚ್ಚುಕಡಿಮೆ ಹಾನಿಯೇ ಇಲ್ಲದ ಕೋಶಗಳು ಸೇದುವವರಿಗಿಂತ ನಾಲ್ಕು ಪಟ್ಟು ಹೆಚ್ಚಿದ್ದವು, ಕೆಲವರಲ್ಲಿ ನೂರಕ್ಕೆ 40ರವರೆಗೆ. ಎಲ್ಲೋ ಆಳದಲ್ಲಿ ಹೊಗೆ ತಾಗದೆ ಉಳಿದಿದ್ದ ಕೋಶಗಳು ಬೆಳೆದು ಹಳೆಯವುಗಳ ಜಾಗ ತುಂಬುತ್ತಿವೆ ಎಂದು ಅವರು ಊಹಿಸುತ್ತಾರೆ. ಬುಡಕ್ಕೆ ಕಡಿದ ಹಳೆಯ ರೊಬಸ್ಟಾ ಗಿಡದಿಂದ ಹೊಸ ಚಿಗುರು ಬರುವುದನ್ನು ಕಂಡ ನಮ್ಮವರಿಗೆ ಇದನ್ನು ನಂಬಲು ಕಷ್ಟವಾಗಲಾರದು.

“ನನಗೆ ಅರವತ್ತಾಯಿತು, ಇನ್ನು ಬಿಟ್ಟು ಏನು ಪ್ರಯೋಜನ?” ಎಂದು ಅಜ್ಜಂದಿರು ಕೇಳುತ್ತಾರೆ. ಅದಕ್ಕೂ ಲೆಕ್ಕ ಸಿದ್ಧವಿದೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಎಂಬ ವೈದ್ಯರು 1951ರಲ್ಲಿ ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ಗಂಡಸು ಡಾಕ್ಟರರ ಅಭ್ಯಾಸಗಳನ್ನು ಬರೆದಿಟ್ಟುಕೊಂಡು ಐವತ್ತು ವರ್ಷ ಬೆನ್ನು ಹತ್ತಿದರು. 2004ರಲ್ಲಿ ಬಂದ ವರದಿಯಂತೆ 30ರ ವಯಸ್ಸಿನಲ್ಲಿ ಬಿಟ್ಟವನು ಸುಮಾರು 10 ವರ್ಷ, 40ರಲ್ಲಿ ಬಿಟ್ಟವನು 9 ವರ್ಷ, 50ರಲ್ಲಿ 6 ವರ್ಷ, 60ರಲ್ಲಿ ಬಿಟ್ಟವನೂ 3 ವರ್ಷ ಆಯುಷ್ಯವನ್ನು ಮರಳಿ ಪಡೆಯುತ್ತಾನೆ. ಡಾಲ್ ಸ್ವತಃ ಸೇದುತ್ತಿದ್ದವರು. ಶ್ವಾಸಕೋಶದ ಕ್ಯಾನ್ಸರ್ ಕುರಿತ ತಮ್ಮದೇ ಮೊದಲ ಅಧ್ಯಯನದ ಫಲಿತಾಂಶ ಕಂಡು ಬಿಟ್ಟರು. 2005ರಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕೇರಳದಲ್ಲಿ ಗಾಳಿ ಬದಲಾಗುತ್ತಾ ಬಂದಿದೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ಹೈಕೋರ್ಟು ನಿಷೇಧಿಸಿದ್ದು 1999ರ ಜುಲೈಯಲ್ಲಿ, ದೇಶದ ಕಾಯಿದೆಗಿಂತ ನಾಲ್ಕು ವರ್ಷ ಮುಂಚೆ. ರಾಜ್ಯದ ವಯಸ್ಕರಲ್ಲಿ ಹೊಗೆಸೊಪ್ಪು ಬಳಸುವವರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 21.4 ಇದ್ದದ್ದು 2016-17ರಲ್ಲಿ 12.7ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕರ್ನಾಟಕದಲ್ಲಿ 28.2ರಿಂದ 22.8ಕ್ಕೆ. ಆದರೆ ತೋಟದ ಕೆಲಸದಲ್ಲಿ ಒಂದು ತೊಡಕು ಉಳಿದಿದೆ. ‘ಒಂದು ಬೀಡಿ ಸೇದುವಷ್ಟು ಹೊತ್ತು’ ಎಂಬುದು ನಮ್ಮಲ್ಲಿ ಸಮಯದ ಅಳತೆ. ಬೀಡಿ ಹಚ್ಚಿದವನು ಕೂರಬಹುದು, ಹಚ್ಚದವನು ಸುಮ್ಮನೆ ಕೂತರೆ ಮೇಸ್ತ್ರಿಯ ಕಣ್ಣು ಕೆಂಪಾಗುತ್ತದೆ. ತೋಟದ ಯಜಮಾನರು ಆಳುಗಳಿಗೆ ಬೀಡಿಯಿಲ್ಲದೆಯೂ ಐದು ನಿಮಿಷ ಕೂರಲು ಬಿಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಬೀಡಿ ಬಿಟ್ಟವನ ಎದುರಿಗೆ ಕಟ್ಟು ಚಾಚಿ “ಒಂದು ಎಳೆ ಮಾರಾಯ, ಏನಾಗುವುದಿಲ್ಲ” ಎನ್ನುವ ಸ್ನೇಹವೂ ನಿಲ್ಲಲಿ.

ಒಬ್ಬನೇ ಹಟದಿಂದ ಬಿಡುವುದಕ್ಕಿಂತ ಯಾರಾದರೂ ಜೊತೆಗಿದ್ದು ವಿಚಾರಿಸುತ್ತಿದ್ದರೆ ಬಿಡುವುದು ಸುಲಭ. ತಿರುವನಂತಪುರದ ಹಳ್ಳಿಗಳಲ್ಲಿ 928 ಮಂದಿ ಸೇದುವ ಗಂಡಸರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಮತ್ತೆ ಮತ್ತೆ ಭೇಟಿ ಮಾಡಿ ಸಲಹೆ ಕೊಟ್ಟ ಗುಂಪಿನಲ್ಲಿ ನೂರಕ್ಕೆ 14.7 ಮಂದಿ ಬಿಟ್ಟರು. ಉಳಿದ ಗುಂಪಿನಲ್ಲಿ ಬಿಟ್ಟವರು 6.8. ಎರಡು ಪಟ್ಟು ಎಂಬುದು ನಿಜ. ಭೇಟಿ ಮಾಡಿದರೂ ನೂರರಲ್ಲಿ ಎಂಬತ್ತೈದು ಮಂದಿ ಬಿಡಲಾಗಲಿಲ್ಲ ಎಂಬುದೂ ನಿಜ. ಹಾಗಾಗಿ ಒಮ್ಮೆ ಸೋತವರನ್ನು ಮನೆಯವರು ಹಂಗಿಸಬಾರದು. ಮೂರು ನಾಲ್ಕು ಸಲ ಬಿಟ್ಟು ಹಿಡಿದು, ಆಮೇಲೆ ಪೂರ್ತಿ ಬಿಟ್ಟವರೇ ಹೆಚ್ಚು.

ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ ಸಹಾಯ ಮಾಡುತ್ತದೆ. ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಸತತ ಜಗಿಯಬಾರದು. ನಾಲಿಗೆಗೆ ಖಾರ ಹತ್ತಿದೊಡನೆ ಕೆನ್ನೆಯ ಒಳಬದಿಗೆ ಒತ್ತಿಟ್ಟು, ಖಾರ ಕಡಿಮೆಯಾದಾಗ ಮತ್ತೆ ನಾಲ್ಕು ಸಲ ಜಗಿಯಬೇಕು. ಗಮ್ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಕಾಫಿ ಕುಡಿಯಬಾರದು, ಕುಡಿದರೆ ಔಷಧ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಕೇಂದ್ರ ಸರ್ಕಾರದ ಉಚಿತ ದೂರವಾಣಿ ಸಹಾಯವೂ ಇದೆ, ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಒಂದು ಕೇಂದ್ರವಿದ್ದು ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಂಡು ಕರೆ ಮಾಡಿ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಿಗೆ ಚಟ ಗಟ್ಟಿಯಾಗಿ ಅಂಟಿರುತ್ತದೆ, ಅಂಥವರು ಔಷಧದ ಬಗ್ಗೆಯೂ ಕೇಳಬೇಕು. ಓದು ಬಾರದ ಅಜ್ಜಂದಿರಿಗೆ ಮೊಮ್ಮಕ್ಕಳು ಸಂಖ್ಯೆ ಒತ್ತಿ ಕೊಡಲಿ.